ಎರಡು ಮನೆ, ಒಂದು ಕೊಳ, ಹನ್ನೆರಡು ಮೀನು

ನಾನು ಮೀನು ನೋಡಿಕೊಳ್ಳುವವಳು. ಹಿಡಿಯುವವಳಲ್ಲ, ಮಾರುವವಳೂ ಅಲ್ಲ. ಹಲ್ಲಿನ ಡಾಕ್ಟರ ಕಾಯುವ ಕೋಣೆಯ ಗಾಜಿನ ತೊಟ್ಟಿ, ಒಬ್ಬ ವಕೀಲರ ಆಫೀಸಿನದು, ಎರಡು ಶಾಲೆಗಳದು, ಹದಿನಾರು ಮನೆಗಳದು, ಅಂಗಳದ ಕೊಳಗಳು ಐದು. ಸ್ಕೂಟರಿನ ಹಿಂದೆ ಎರಡು ಬಕೆಟ್ಟು, ಒಂದು ಸುರುಳಿ ಪೈಪು, ಒಂದು ಬಲೆ ಕಟ್ಟಿಕೊಂಡು ಬೆಳಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವ ಹೊತ್ತಿಗೆ ಕೈಯೆಲ್ಲ ಪಾಚಿಯ ವಾಸನೆ.

ಇದನ್ನು ನನಗೆ ಯಾರೂ ಕಲಿಸಲಿಲ್ಲ. ನನ್ನ ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಮದುವೆಯಾದ ಹೊಸದರಲ್ಲಿ ಒಂದು ದುಂಡನೆಯ ಗಾಜಿನ ಬೋಗುಣಿಯಲ್ಲಿ ಎರಡು ಬಂಗಾರದ ಮೀನು ತಂದುಕೊಟ್ಟರು. ಎಂಟನೆಯ ದಿನಕ್ಕೆ ಎರಡೂ ಹೊಟ್ಟೆ ಮೇಲೆ ಮಾಡಿ ತೇಲಿದವು. “ಮೀನು ಅಂದ್ರೆ ಹಾಗೇನೇ, ಬೇರೆ ತರ್ತೀನಿ ಬಿಡು” ಅಂದರು. ನನಗೆ ಬಿಡಲಾಗಲಿಲ್ಲ. ಯಾಕೆ ಸತ್ತವು ಎಂದು ಕೇಳುತ್ತ ಹೋದವಳು ಇಪ್ಪತ್ತೆರಡು ವರ್ಷವಾದರೂ ಇನ್ನೂ ಕೇಳುತ್ತಲೇ ಇದ್ದೇನೆ. ನೀರನ್ನು ಸಾಕಿದರೆ ಮೀನು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ ಎಂಬ ಒಂದು ಮಾತು ತಲೆಗೆ ಹತ್ತಲು ನನಗೆ ಆರು ವರ್ಷ ಹಿಡಿಯಿತು, ಎಪ್ಪತ್ತು ಮೀನಿನ ಜೀವವೂ ಹೋಯಿತು.

ಜನ ನನ್ನನ್ನು ಮೀನಕ್ಕ ಅನ್ನುತ್ತಾರೆ. ಮಾತು ಸ್ವಲ್ಪ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಸೋದರತ್ತೆ ಹೇಳಿಕೊಟ್ಟ ಒಂದು ನಿಯಮವನ್ನು ಎಂದೂ ಮುರಿದವಳಲ್ಲ. ಆಕೆ ಮನೆಮನೆಗೆ ಹೋಗಿ ಬಟ್ಟೆಯ ಅಳತೆ ತರುತ್ತಿದ್ದವಳು. “ಹತ್ತು ಮನೆ ತಿರುಗೋಳು ಒಂದು ಮನೆ ಮಾತನ್ನ ಇನ್ನೊಂದು ಹೊಸ್ತಿಲು ದಾಟಿಸಬಾರದು ಕಣೇ. ಬಾಯಿ ತೆರೆದಷ್ಟು ಬಾಗಿಲು ಮುಚ್ಚುತ್ತೆ” ಅನ್ನುತ್ತಿದ್ದಳು. ಹಾಗಾಗಿ ನಾನು ಯಾರ ಮನೆಯಲ್ಲಿ ಎಷ್ಟು ಹರಟಿದರೂ ಅದೆಲ್ಲ ಮೀನು, ಹವೆ, ನನ್ನ ಮೊಣಕಾಲು ನೋವು, ಇಷ್ಟೇ. ಕಿವಿಗೆ ಬಿದ್ದದ್ದು ಹೊಟ್ಟೆಯಲ್ಲಿ. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಯೇ ಒಂದು ಸಲ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನು ಹೇಳಬೇಕು.

ಐದು ಕೊಳಗಳಲ್ಲಿ ದೊಡ್ಡದು ಎರಡು ಮನೆಗಳ ನಡುವಿನದು. ಅಣ್ಣನ ಮನೆ, ತಮ್ಮನ ಮನೆ. ಅಣ್ಣ ಕನ್ನಡಕದ ಅಂಗಡಿಯವರು, ತಮ್ಮ ಬಸ್ ಓಡಿಸುವವರು. ಮೊದಲು ಒಂದೇ ಮನೆಯಾಗಿದ್ದದ್ದು, ಆಮೇಲೆ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಗೇಟಿನಿಂದ ನೆಟ್ಟಗೆ ಬರುವ ಆ ಗೋಡೆ ಕೊಳದ ದಂಡೆಗೆ ಬಂದು ನಿಂತುಬಿಡುತ್ತದೆ, ಕೊಳದ ಆಚೆ ದಂಡೆಯಿಂದ ಮತ್ತೆ ಶುರುವಾಗುತ್ತದೆ. ನೀರಿಗೆ ಇಟ್ಟಿಗೆ ಕಟ್ಟಲಾಗಲಿಲ್ಲ. ಪಂಪು ಮತ್ತು ಸೋಸುವ ಡಬ್ಬಿ ಅಣ್ಣನ ಪಾಲಿಗೆ, ನೈದಿಲೆಯ ಕುಂಡ ತಮ್ಮನ ಪಾಲಿಗೆ. ಮೀನುಗಳಿಗೆ ಮಾತ್ರ ಯಾರೂ ಪಾಲುಪಟ್ಟಿ ಓದಿ ಹೇಳಿರಲಿಲ್ಲ.

ಅಣ್ಣ ತಮ್ಮಂದಿರು ಚೆನ್ನಾಗಿಯೇ ಇದ್ದರು. ಮಾತು ಬಿಟ್ಟವರು ವಾರಗಿತ್ತಿಯರು. ದೊಡ್ಡ ಸೊಸೆ ಒಂದು ದಿನ ಹಿತ್ತಿಲು ಗುಡಿಸುವ ಭರದಲ್ಲಿ ತೀರಿಹೋದ ಅತ್ತೆಯ ಹೊಲಿಗೆ ಯಂತ್ರವನ್ನು ಗುಜರಿಯವನಿಗೆ ಎತ್ತಿಕೊಟ್ಟಿದ್ದಳು. ಹಿಂದಿನ ವಾರವಷ್ಟೇ ಚಿಕ್ಕ ಸೊಸೆ ಅದಕ್ಕೆ ಹೊಸ ಬೆಲ್ಟು ಹಾಕಿಸಿ, ಎಣ್ಣೆ ಬಿಟ್ಟು, ಹೊಲಿಯಲು ಶುರುಮಾಡಿದ್ದಳು. ಅಷ್ಟೇ. ನಾಲ್ಕು ವರ್ಷ ಆಗಿತ್ತು. “ರಾಜಿ ಮಾಡಿಸಬಾರದಾ?” ಎಂದು ಒಮ್ಮೆ ಕನ್ನಡಕದವರನ್ನು ಕೇಳಿದೆ. “ಜಗಳ ಈಗ ನಿದ್ದೆ ಮಾಡ್ತಿದೆ ಮೀನಕ್ಕ. ರಾಜಿ ಮಾಡಿಸಬೇಕು ಅಂದ್ರೆ ಮೊದಲು ಅದನ್ನ ಎಬ್ಬಿಸಬೇಕಲ್ಲ” ಅಂದರು.

ಕೊಳ ತೋಡಿಸಿದವರು ಆ ಹೆಂಗಸರ ಮಾವ. ವಯಸ್ಸು ಎಂಬತ್ತೊಂದು. ಹದಿನೈದು ದಿನ ಈ ಮನೆ, ಹದಿನೈದು ದಿನ ಆ ಮನೆ. “ನಾನು ಚಂದ್ರ ಇದ್ದ ಹಾಗೆ, ಎರಡು ಪಕ್ಷ” ಎಂದು ತಾವೇ ನಗುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಅವರು ಕೋಯ್ ಅನ್ನುವ ಬಣ್ಣದ ಮೀನಿನ ಬೆರಳುದ್ದದ ಒಂದು ಮರಿ ತಂದು ಬಿಟ್ಟಿದ್ದರು. ಅದೀಗ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ನನ್ನ ತೊಡೆಯ ದಪ್ಪ. ಹೆಸರು ಯಜಮಾನ. ಮಾವ ನೀರಿಗೆ ತೋರುಬೆರಳು ಇಟ್ಟರೆ ಬಂದು ಎರಡು ಸಲ ಮೆತ್ತಗೆ ಹೀರುತ್ತಿದ್ದ, ಮೂರನೆಯ ಸಲ ತಲೆಯಿಂದ ತಳ್ಳಿ ಹೋಗುತ್ತಿದ್ದ. ಬೇರೆ ಯಾರ ಬೆರಳಿಗೂ ಹಾಗೆ ಮಾಡುತ್ತಿರಲಿಲ್ಲ. ನಾನೂ ಇಟ್ಟು ನೋಡಿದ್ದೇನೆ, ಮರ್ಯಾದೆ ಕೊಟ್ಟಿಲ್ಲ.

ಮೂರು ವರ್ಷದಿಂದ ಮಾವನ ಕಣ್ಣಿಗೆ ಪೊರೆ. “ಅವನು ನನಗೀಗ ಬರೀ ಒಂದು ಕಿತ್ತಳೆ ಬಣ್ಣದ ಮೋಡ ಕಣಮ್ಮ” ಅನ್ನುತ್ತಿದ್ದರು. ಕೊನೆಗೂ ಆಪರೇಷನ್‌ಗೆ ಒಪ್ಪಿದರು. ಒಪ್ಪಿದ್ದು ಪೇಪರ್ ಓದಲಿಕ್ಕಲ್ಲ, ಟಿವಿ ನೋಡಲಿಕ್ಕಲ್ಲ, ಯಜಮಾನನನ್ನು ಸರಿಯಾಗಿ ನೋಡಲಿಕ್ಕೆ. ಕಣ್ಣಿನ ಡಾಕ್ಟರು ಕೆಲಸ ಮುಗಿಸಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. “ಮೂರು ವಾರ ಬಗ್ಗಬಾರದು, ನೀರಿನ ಹತ್ತಿರ ಹೋಗಬಾರದು. ಮೂರನೇ ಭಾನುವಾರ ಬಗ್ಗಿ, ನಿಮ್ಮ ಮೀನನ್ನ ಮಾತಾಡಿಸಿ” ಎಂದರಂತೆ. ಮಾವ ಆ ಮೂರು ವಾರ ಪಕ್ಷ ಬದಲಾಯಿಸದೆ ಅಣ್ಣನ ಮನೆಯ ಜಗುಲಿಯಲ್ಲೇ ಕುರ್ಚಿ ಹಾಕಿಸಿಕೊಂಡು ದಿನ ಎಣಿಸತೊಡಗಿದರು.

ಎರಡನೆಯ ವಾರದ ಸೋಮವಾರ ದೊಡ್ಡ ಸೊಸೆಯ ಫೋನು. “ಮೀನಕ್ಕ, ಮೀನೆಲ್ಲ ಗೋಡೆಗೆ ಮೈ ಉಜ್ಜಿಕೊಳ್ತಿವೆ. ಯಜಮಾನ ಅಂತೂ ಕುಂಡಕ್ಕೆ ಡಿಕ್ಕಿ ಹೊಡೀತಿದ್ದಾನೆ. ಮಾವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.”

ಹೋಗಿ ನೋಡಿದೆ. ಮೈಗೆ ಹತ್ತಿದ ಸಣ್ಣ ಹುಳ. ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಮೀನಿಗೆ ಮಾತ್ರ ತಡೆಯಲಾರದ ತುರಿಕೆ. ಇದಕ್ಕೆ ನಾನು ಕಂಡ ಒಳ್ಳೆಯ ಔಷಧ ಕಲ್ಲುಪ್ಪು. ಸಿಹಿನೀರಿನ ಮೀನು ಸ್ವಲ್ಪ ಉಪ್ಪು ತಡೆದುಕೊಳ್ಳುತ್ತದೆ, ಆ ಹುಳ ತಡೆಯುವುದಿಲ್ಲ. ಆದರೆ ಲೆಕ್ಕ ತಪ್ಪಬಾರದು. ಆ ಕೊಳ ಐದು ಸಾವಿರ ಲೀಟರಿನದು, ಒಟ್ಟು ಹದಿನೈದು ಕಿಲೋ ಸಾಕು. ಅದೂ ಒಟ್ಟಿಗೆ ಅಲ್ಲ. ಸೋಮವಾರ ಐದು, ಬುಧವಾರ ಐದು, ಶುಕ್ರವಾರ ಐದು, ಬಕೆಟ್ಟಿನಲ್ಲಿ ಕರಗಿಸಿ ನಿಧಾನವಾಗಿ. ದೊಡ್ಡ ಸೊಸೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಅವಳು ಎಲ್ಲವನ್ನೂ ಗುರುತು ಹಾಕಿಕೊಳ್ಳುವವಳು.

ಹೊರಟು ಸ್ಕೂಟರ್ ತಿರುಗಿಸುವಾಗ ಪಕ್ಕದ ಗೇಟಿನ ಸಂದಿಯಿಂದ ಚಿಕ್ಕ ಸೊಸೆ ಕರೆದಳು, ಪಿಸುದನಿಯಲ್ಲಿ.

“ಮೀನಕ್ಕ, ನಾನು ಕೇಳಿದೆ ಅಂತ ಆ ಕಡೆ ಹೇಳಬೇಡಿ. ಯಜಮಾನನಿಗೆ ಏನಾಗಿದೆ?”

“ಮೈಗೆ ಹುಳ.”

“ಏನು ಹಾಕಬೇಕು?”

ಹದಿನೈದು ಕಿಲೋ ಕಲ್ಲುಪ್ಪು, ಐದೈದರಂತೆ, ದಿನ ಬಿಟ್ಟು ದಿನ, ಮೂರು ಸಲ ಎಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಗಾಬರಿ, ತಿಳಿದುಕೊಂಡರೆ ಸಮಾಧಾನವಾಗುತ್ತದೆ ಎಂದಷ್ಟೇ ನಾನು ಅಂದುಕೊಂಡೆ. ‘ನಿಮ್ಮಕ್ಕ ಹಾಕ್ತಿದ್ದಾರೆ’ ಎಂಬ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಆ ಮನೆಯ ಮಾತು, ಈ ಹೊಸ್ತಿಲಿಗೆ ಯಾಕೆ ಎಂದು ನುಂಗಿದೆ.

ಇಲ್ಲಿ ನನ್ನ ಇನ್ನೊಂದು ಜಾಣತನದ ಕಥೆ ಹೇಳಬೇಕು. ಎರಡು ವರ್ಷದ ಹಿಂದೆ ಆ ಕೊಳದ ಮೀನು ತಿಂದು ತಿಂದು ಉಬ್ಬುತ್ತಿದ್ದವು. ಇಬ್ಬರೂ ಎರಡೆರಡು ಹೊತ್ತು ತಿನ್ನಲು ಹಾಕುತ್ತಿದ್ದರು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಆಗ ನಾನು ದೊಡ್ಡವಳಿಗೆ “ಬೆಳಗ್ಗೆ ಮಾತ್ರ ಹಾಕಿ, ಸಂಜೆ ಜೀರ್ಣ ಆಗಲ್ಲ” ಅಂದೆ. ಚಿಕ್ಕವಳಿಗೆ “ಸಂಜೆ ಮಾತ್ರ ಹಾಕಿ, ಬೆಳಗ್ಗೆ ಅವಕ್ಕೆ ಹಸಿವಿರಲ್ಲ” ಅಂದೆ. ಒಂದು ಮಾತೂ ಗೋಡೆ ದಾಟಲಿಲ್ಲ, ಮೀನು ಸಪೂರವಾದವು. ಅಂದಿನಿಂದ ಬೆಳಗ್ಗೆಯ ಕೊಳ ದೊಡ್ಡವಳದು, ಸಂಜೆಯ ಕೊಳ ಚಿಕ್ಕವಳದು. ಇಬ್ಬರೂ ದಂಡೆಯಲ್ಲಿ ಎದುರುಬದುರಾಗುವ ಪ್ರಮೇಯವೇ ಇಲ್ಲ. ಇದನ್ನು ನಾನು ನನ್ನ ಮನೆಯವರ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ.

ಭಾನುವಾರ ಮತ್ತೆ ಹೋದೆ. ಮೈ ಉಜ್ಜುವುದು ನಿಂತಿತ್ತು, ಆದರೆ ಮೀನುಗಳು ಲವಲವಿಕೆಯಿಂದಿರಲಿಲ್ಲ. ಯಜಮಾನ ನೀರು ಬೀಳುವ ಜಾಗದಲ್ಲಿ ರೆಕ್ಕೆ ಮುದುಡಿಕೊಂಡು ಸುಮ್ಮನೆ ನಿಂತಿದ್ದ, ಮೈಮೇಲೆ ಲೋಳೆ ದಪ್ಪವಾಗಿತ್ತು. ನೈದಿಲೆಯ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿತ್ತು. ಬಿಸಿಲು ಅಂದುಕೊಂಡೆ. ಉಪ್ಪು ಅಳೆಯುವ ಸಲಕರಣೆ ಸ್ಕೂಟರಿನ ಪೆಟ್ಟಿಗೆಯಲ್ಲೇ ಇತ್ತು. ಹೇಳಿದ ಲೆಕ್ಕ ನನ್ನದೇ, ಹಾಕಿದವಳು ಕ್ಯಾಲೆಂಡರಿನವಳು, ಇನ್ನು ಅಳೆಯುವುದೇನು ಎಂದು ತೆಗೆಯಲಿಲ್ಲ. ಹುಳ ಇನ್ನೂ ಪೂರ್ತಿ ಹೋಗಿಲ್ಲ, ನಾಳೆ ಇನ್ನೈದು ಕಿಲೋ ಹಾಕಿ ಎಂದು ದೊಡ್ಡವಳಿಗೆ ಹೇಳಿದೆ. ಹೊರಗೆ ಗೇಟಿನ ಸಂದಿಯಲ್ಲಿ ಚಿಕ್ಕವಳು ಕಾದಿದ್ದಳು.

“ಹಾಗಾದ್ರೆ ಇನ್ನೊಂದೈದು ಕಿಲೋ?” ಎಂದಳು.

“ಹೂಂ” ಎಂದೆ.

ಬುಧವಾರ ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಫೋನು ಬಂತು. ದೊಡ್ಡ ಸೊಸೆಯ ದನಿ ಸಣ್ಣಗಾಗಿತ್ತು. “ಯಜಮಾನ ಮಗ್ಗುಲಾಗಿ ಮಲಗಿದ್ದಾನೆ, ಮೀನಕ್ಕ.”

“ಯಜಮಾನ ಮಗ್ಗುಲಾಗಿ ಮಲಗಿದ್ದಾನಾ?” ಎಂದೆ ಗಟ್ಟಿಯಾಗಿ.

“ನಾನು ಎದ್ದು ಕೂತು ತಿಂತಾ ಇದ್ದೀನಲ್ಲ” ಎಂದರು ನನ್ನ ಮನೆಯವರು. ನನ್ನ ಮುಖ ನೋಡಿ ನಗುವುದು ನಿಲ್ಲಿಸಿ ಸ್ಕೂಟರಿನ ಕೀಲಿ ತಂದುಕೊಟ್ಟರು.

ಹೋಗಿ ನೋಡಿದರೆ ಒಂದು ಚಿಕ್ಕ ಬಿಳಿ ಮೀನು ಆಗಲೇ ಸತ್ತಿತ್ತು. ಯಜಮಾನ ನೈದಿಲೆಯ ಕುಂಡಕ್ಕೆ ಒರಗಿಕೊಂಡು ಅರ್ಧ ಮಗ್ಗುಲಾಗಿದ್ದ. ಕಿವಿರು ಆಡುತ್ತಿತ್ತು, ಆದರೆ ಬಹಳ ಹೊತ್ತಿಗೊಂದು ಸಲ. ಮಾವ ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಅಲ್ಲಿಂದ ಕೊಳದ ದಂಡೆ ಕಾಣುತ್ತದೆ, ಒಳಗಿನ ನೀರು ಕಾಣುವುದಿಲ್ಲ. ನಾನು ಸತ್ತ ಮೀನನ್ನು ಬಕೆಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿದೆ.

“ಬಾಮ್ಮ ಇಲ್ಲಿ” ಎಂದು ಕರೆದರು. “ನನಗೆ ಯಾರೂ ಏನೂ ಹೇಳ್ತಿಲ್ಲ. ಹೇಳಬೇಡ, ನಿನ್ನ ನಿಯಮ ನನಗೆ ಗೊತ್ತು. ನಾನೇ ಒಂದು ಮಾತು ಹೇಳ್ತೀನಿ, ಕೇಳು. ದಿನಾ ಬೆಳಗ್ಗೆ ಗುಬ್ಬಿಗಳು ಬಂದು ಆ ಕಲ್ಲಿನ ಮೇಲೆ ಕೂತು ನೀರು ಕುಡೀತಿದ್ವು. ಹೊಸ ಕಣ್ಣಲ್ಲಿ ನಾನು ಮೊದಲು ನೋಡಿದ್ದೇ ಅದನ್ನ. ಈಗ ನಾಲ್ಕು ದಿನದಿಂದ ಬರ್ತವೆ, ಕೊಕ್ಕು ಅದ್ದುತ್ತವೆ, ತಲೆ ಕೊಡವಿ ಹಾರಿಹೋಗ್ತವೆ. ಯಾಕಿರಬಹುದು?”

ಕೊಳಕ್ಕೆ ವಾಪಸು ಹೋಗಿ ಅಂಗೈಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿದೆ. ಹದಿನೈದಕ್ಕೆ ಐದು ಸೇರಿ ಇಪ್ಪತ್ತು ಕಿಲೋ ಉಪ್ಪಿದ್ದರೆ ಆ ನೀರು ನಾಲಿಗೆಗೆ ಸುಮ್ಮನೆ ಸಪ್ಪೆ ಅನ್ನಿಸಬೇಕು, ಅಷ್ಟೇ. ಇದು ಸಾರಿನ ಹಾಗಿತ್ತು. ಆಗ ಸಲಕರಣೆ ತಂದು ಅದ್ದಿದೆ. ಅದು ತೋರಿಸಿದ್ದು ನಲವತ್ತು ಕಿಲೋ ಲೆಕ್ಕ.

ನಲವತ್ತು. ಇಪ್ಪತ್ತು ಬೆಳಗ್ಗೆಯದು, ಇಪ್ಪತ್ತು ಸಂಜೆಯದು.

ದಂಡೆಯ ಮೇಲೆ ಕೂತುಬಿಟ್ಟೆ. ಗೇಟಿನ ಸಂದಿಯಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ಚಿಕ್ಕವಳು ತಿಳಿದುಕೊಳ್ಳಲು ಕೇಳಿದ್ದಲ್ಲ, ಹಾಕಲಿಕ್ಕೆ ಕೇಳಿದ್ದು. ಹಾಕಿದ್ದು ಸಂಜೆ, ನಾನೇ ಹಂಚಿಕೊಟ್ಟ ವೇಳೆಯಲ್ಲಿ, ದೊಡ್ಡವಳ ಕಣ್ಣಿಗೆ ಬೀಳದ ಹಾಗೆ. ಇಬ್ಬರೂ ನಾನು ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿದ್ದರು. ಆಮೇಲೆ ಮೂಲೆಯ ದಿನಸಿ ಅಂಗಡಿಯವನೂ ಹೇಳಿದ: “ಎರಡು ಮನೆಯವರೂ ಐದೈದು ಕಿಲೋ ಉಪ್ಪು ಒಯ್ಯೋರು. ಇಷ್ಟೊಂದು ಯಾಕೆ ಅಂತ ಕೇಳೋಣ ಅಂದ್ಕೊಂಡೆ, ಊರ ಉಸಾಬರಿ ನನಗ್ಯಾಕೆ ಅಂತ ಸುಮ್ಮನಾದೆ.” ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಒಂದು ಕ್ಷಣ ಕೆಟ್ಟ ಯೋಚನೆಯೂ ಬಂತು, ಮುಚ್ಚಿಡುವುದೇಕೆ. ಹುಳದ ಕಾಟ ಜೋರಾಗಿದೆ, ನೀರು ಬದಲಾಯಿಸೋಣ ಎಂದರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಉಪ್ಪು ಆವಿಯಾಗಿ ಹೋಗುವ ವಸ್ತುವಲ್ಲ. ನೀರು ತೆಗೆದೇ ಅದನ್ನು ತೆಗೆಯಬೇಕು. ಎಲ್ಲ ನೀರನ್ನೂ ಒಮ್ಮೆಲೇ ತೆಗೆದರೆ ಆ ಏಟಿಗೇ ಮೀನು ಸಾಯುತ್ತದೆ. ಒಂದು ಸಲಕ್ಕೆ ಐದನೆಯ ಒಂದು ಭಾಗ, ಅಂದರೆ ಸಾವಿರ ಲೀಟರು, ಅಷ್ಟು ತೆಗೆದು ಅಷ್ಟೇ ಹೊಸ ನೀರು. ಹೀಗೆ ನಾಲ್ಕು ಸಲ, ಎರಡು ದಿನದೊಳಗೆ. ನಲ್ಲಿಯಿಂದ ನೇರ ಬಿಡುವ ಹಾಗೂ ಇಲ್ಲ, ಅದರಲ್ಲಿ ಕ್ಲೋರಿನ್ನಿನ ಘಾಟು. ಒಂದು ದಿನ ತೊಟ್ಟಿಯಲ್ಲಿ ನಿಂತ ನೀರೇ ಆಗಬೇಕು. ಪ್ರತಿ ಮನೆಯ ಮೇಲೂ ಸಾವಿರ ಲೀಟರಿನ ಒಂದೊಂದು ಟ್ಯಾಂಕು. ಒಂದೇ ಮನೆಯ ಟ್ಯಾಂಕು ತುಂಬಿ, ನಿಂತು, ಬಿಡುವಷ್ಟರಲ್ಲಿ ನಾಲ್ಕು ದಿನ. ಯಜಮಾನನಿಗೆ ಅಷ್ಟು ದಿನ ಇರಲಿಲ್ಲ. ಎರಡೂ ಮನೆಯ ಟ್ಯಾಂಕು ಸರದಿಯ ಮೇಲೆ ಬೇಕು.

ಗೋಡೆ ಬಳಿ ಹೋಗಿ ನಿಂತು ಇಬ್ಬರನ್ನೂ ಕರೆದೆ. ಆ ಕಡೆ ಒಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು, ಈ ಕಡೆ ಇನ್ನೊಬ್ಬಳು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ನನ್ನನ್ನೇ ನೋಡಿದರು.

“ತಪ್ಪು ನನ್ನದು” ಎಂದೆ. “ನಿಮ್ಮಿಬ್ಬರಿಗೂ ಒಂದೇ ಔಷಧ ಹೇಳಿದೆ. ಇಬ್ಬರಿಗೂ ಹೇಳಿದ್ದೀನಿ ಅಂತ ಇಬ್ಬರಿಗೂ ಹೇಳಲಿಲ್ಲ. ಹೇಳಿದ್ರೆ ಮಾತು ಸಾಗಿಸಿದ ಹಾಗಾಗುತ್ತೆ ಅಂದ್ಕೊಂಡೆ. ಕೊಳಕ್ಕೆ ಎರಡರಷ್ಟು ಉಪ್ಪು ಬಿದ್ದಿದೆ. ಹುಳ ಸತ್ತು ವಾರ ಆಗಿರಬೇಕು, ಈಗ ಸಾಯ್ತಿರೋದು ಮೀನು.”

ಚಿಕ್ಕವಳ ಕೈ ಬಾಯಿಗೆ ಹೋಯಿತು. “ನಾನು ನೀವು ಹೇಳಿದ್ದಷ್ಟೇ ಹಾಕಿದ್ದು.”

“ನಾನೂ” ಎಂದಳು ದೊಡ್ಡವಳು, ನನ್ನ ಕಡೆಗೆ ತಿರುಗಿ.

“ಗೊತ್ತು. ನಿಮ್ಮಿಬ್ಬರದೂ ತಪ್ಪಿಲ್ಲ.” ಆಮೇಲೆ ಟ್ಯಾಂಕಿನ ಲೆಕ್ಕ ಬಿಡಿಸಿ ಹೇಳಿದೆ. ಇವತ್ತು ಸಂಜೆ ದೊಡ್ಡವರ ಟ್ಯಾಂಕು, ನಾಳೆ ಬೆಳಗ್ಗೆ ಚಿಕ್ಕವರದು, ನಾಳೆ ಸಂಜೆ ದೊಡ್ಡವರದು, ನಾಡಿದ್ದು ಬೆಳಗ್ಗೆ ಚಿಕ್ಕವರದು. ಟ್ಯಾಂಕು ಬರಿದಾದ ತಕ್ಷಣ ತುಂಬಿಸಿಡಬೇಕು, ಎರಡು ದಿನ ಅದರಿಂದ ಒಂದು ಚೊಂಬೂ ಮನೆಗೆ ಬಳಸಬಾರದು. ಸ್ನಾನ ಬಕೆಟ್ಟಿನಲ್ಲಿ, ಬಟ್ಟೆ ಒಗೆಯುವುದು ಶನಿವಾರ.

ದೊಡ್ಡವಳು ನನಗೆ ಹೇಳಿದಳು: “ನಮ್ಮ ಪೈಪು ಅವರ ಟ್ಯಾಂಕಿನವರೆಗೆ ಮುಟ್ಟಲ್ಲ. ಅವರ ಹತ್ತಿರ ಉದ್ದದ್ದು ಇದೆಯಾ ಅಂತ ಕೇಳಿ.”

ಚಿಕ್ಕವಳು ಮೂರು ಅಡಿ ದೂರದಲ್ಲೇ ನಿಂತಿದ್ದಳು.

“ನಾನು ಕೇಳಲ್ಲ” ಎಂದೆ. “ನಾನು ಮಾತು ಸಾಗಿಸೋಳಲ್ಲ ಅಂತ ನಿಮಗೇ ಗೊತ್ತಲ್ಲ. ಮೀನಿನ ಬಗ್ಗೆ ಏನು ಬೇಕಾದ್ರೂ ಕೇಳಿ, ಹೇಳ್ತೀನಿ. ಪೈಪಿನ ಬಗ್ಗೆ ನೀವೇ ಕೇಳಿಕೊಳ್ಳಿ.” ಹೇಳಿ ಬೆನ್ನು ತಿರುಗಿಸಿ, ಕೊಳದಿಂದ ಹಳೆಯ ನೀರೆಳೆಯುವ ಪೈಪಿಗೆ ಬಾಯಿ ಹಾಕಿದೆ. ಬಾಯಿ ತುಂಬ ಉಪ್ಪುನೀರು ಬಂತು. ಬರಬೇಕಾದದ್ದೇ. ಉಪ್ಪು ತಿಂದವರು ನೀರು ಕುಡಿಯಬೇಕಂತೆ, ನನಗೆ ಎರಡೂ ಒಂದೇ ಗುಟುಕಿನಲ್ಲಿ ಸಿಕ್ಕಿತು.

ಪೈಪಿನಲ್ಲಿ ನೀರು ಹರಿಯತೊಡಗಿದ ಮೇಲೆ ಹಿಂದಿನಿಂದ ದೊಡ್ಡವಳ ದನಿ, ಗೋಡೆಗೆ ಹೇಳುವ ಹಾಗೆ: “ಉದ್ದದ ಪೈಪು ಇದೆಯಾ?”

“ಇದೆ” ಎಂದಳು ಚಿಕ್ಕವಳು. “ನಮ್ಮನೇಲಿ ಯಾವ ಸಾಮಾನನ್ನೂ ಗುಜರಿಗೆ ಹಾಕಲ್ಲ.”

ಜಗುಲಿಯಲ್ಲಿ ಮಾವ ಕೆಮ್ಮಿದರು, ಅದು ಕೆಮ್ಮೋ ನಗುವೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೊಡ್ಡವಳು ಹೇಳಿದಳು: “ಹಾಕದೇ ಇದ್ದದ್ದು ಒಳ್ಳೇದಾಯ್ತು. ತಗೊಂಡು ಬಾ.”

ಆ ಎರಡು ದಿನ ನಾನು ಹಲ್ಲಿನ ಡಾಕ್ಟರಿಗೂ ವಕೀಲರಿಗೂ ರಜೆ ಹೇಳಿ ಅಲ್ಲೇ ಇದ್ದೆ. ಬಸ್ಸಿನವರು ಪಾಳಿ ಮುಗಿಸಿ ಬಂದು ಪೈಪು ಹಿಡಿದರು, ಕನ್ನಡಕದವರು ಟ್ಯಾಂಕಿನ ಮೇಲೆ ಹತ್ತಿ ಎಷ್ಟು ಇಳಿಯಿತು ಎಂದು ಕೂಗಿದರು. ನೀರು ಸಣ್ಣ ಧಾರೆಯಲ್ಲಿ, ಒಂದೂವರೆ ಗಂಟೆಯಷ್ಟು ನಿಧಾನವಾಗಿ ಬೀಳಬೇಕು. ಅಷ್ಟು ಹೊತ್ತು ಯಾರಾದರೂ ದಂಡೆಯಲ್ಲಿ ಕೂತಿರಲೇಬೇಕು. ಬುಧವಾರ ಸಂಜೆ ಇಬ್ಬರೂ ಹೆಂಗಸರು ಕೂತರು, ಇವಳು ಈ ದಂಡೆ, ಅವಳು ಆ ದಂಡೆ. ನಾನು ನಡುವೆ ನೀರಿಗೆ ಕೈ ಹಾಕಿ ಯಜಮಾನನನ್ನು ನೆಟ್ಟಗೆ ಹಿಡಿದು, ಹೊಸ ನೀರು ಅವನ ಬಾಯಿಯ ಮುಂದೆ ಹಾಯುವ ಹಾಗೆ ನೋಡಿಕೊಂಡೆ. ಕೈ ಬಿಟ್ಟರೆ ವಾಲುತ್ತಿದ್ದ.

“ಬದುಕ್ತಾನಾ?” ಎಂದಳು ದೊಡ್ಡವಳು.

“ಗೊತ್ತಿಲ್ಲ” ಎಂದೆ. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇದೊಂದು ಉತ್ತರವನ್ನು ನಾನು ಅಳುಕಿಲ್ಲದೆ ಹೇಳುವುದು ಕಲಿತಿದ್ದೇನೆ.

“ಭಾನುವಾರ ಮಾವ ಬಗ್ಗಿ ನೋಡ್ತಾರೆ” ಎಂದಳು ಚಿಕ್ಕವಳು. ಯಾರಿಗೆ ಹೇಳಿದಳೋ.

ಮನೆಗೆ ಬಂದು ನನ್ನ ಮನೆಯವರಿಗೆ ನಡೆದದ್ದೆಲ್ಲ ಹೇಳಿದೆ. ಹೆಮ್ಮೆ ಕೊಚ್ಚಿಕೊಂಡ ಬಾಯಲ್ಲೇ ಇದನ್ನೂ ಹೇಳಬೇಕಲ್ಲ. ಅವರು ಬೈಯಲಿಲ್ಲ. “ಲಿಫ್ಟಿಗೆ ನಾಲ್ಕನೇ ಮಹಡಿಯವನೂ ಒತ್ತುತ್ತಾನೆ, ಏಳನೇ ಮಹಡಿಯವನೂ ಒತ್ತುತ್ತಾನೆ. ಒಬ್ಬನಿಗೆ ಇನ್ನೊಬ್ಬ ಒತ್ತಿದ್ದು ಗೊತ್ತಾಗಬೇಕಿಲ್ಲ. ಯಾಕೆ? ಮೇಲೆ ಒಂದು ಪೆಟ್ಟಿಗೆಯಲ್ಲಿ ಎರಡೂ ತಂತಿ ಬಂದು ಸೇರ್ತವೆ. ಅಲ್ಲಿ ಆ ಪೆಟ್ಟಿಗೆ ನೀನೇ ಆಗಿದ್ದೆ ಕಣೇ” ಎಂದರು. ಸ್ವಲ್ಪ ತಡೆದು, “ಊರಿಗೆಲ್ಲ ಮಾತಾಡ್ತೀಯ, ಬೇಕಾದ ಕಡೆ ಫ್ಯೂಸ್ ಹೋಗುತ್ತೆ” ಎಂದೂ ಸೇರಿಸಿದರು.

ಗುರುವಾರ ಬೆಳಗ್ಗೆ ಎರಡನೆಯ ಟ್ಯಾಂಕು ಬಿಟ್ಟಾಗ ಯಜಮಾನ ಇದ್ದ ಹಾಗೇ ಇದ್ದ. ಸಂಜೆ ಮೂರನೆಯದಕ್ಕೆ ಕೈ ಬಿಟ್ಟರೂ ವಾಲದೆ ನಿಂತ. ಇನ್ನೊಂದು ಚಿಕ್ಕ ಮೀನು ಆ ರಾತ್ರಿ ಸತ್ತಿತು, ಹನ್ನೆರಡರಲ್ಲಿ ಹತ್ತು ಉಳಿದವು. ಶುಕ್ರವಾರ ನಾಲ್ಕನೆಯ ಟ್ಯಾಂಕು ಮುಗಿದ ಮೇಲೆ ಅಳೆದರೆ ಹದಿನಾರು ಹದಿನೇಳು ಕಿಲೋ ಲೆಕ್ಕ. ಸಾಕು ಎಂದೆ. ಯಜಮಾನ ಕುಂಡವನ್ನು ಬಿಟ್ಟು ಒಂದು ಸುತ್ತು ಬಂದ, ಹೊಸದಾಗಿ ನಡೆಯಲು ಕಲಿತವರ ಹಾಗೆ ಗೋಡೆ ಹಿಡಿದುಕೊಂಡು. ಭಾನುವಾರದವರೆಗೆ ತಿನ್ನಲು ಏನೂ ಕೊಡಬೇಡಿ ಎಂದು ಇಬ್ಬರಿಗೂ ಹೇಳಿದೆ. ಈ ಸಲ ಒಟ್ಟಿಗೆ ನಿಲ್ಲಿಸಿ ಹೇಳಿದೆ.

ಆ ಎರಡು ದಿನದಲ್ಲಿ ಗೋಡೆ ದಾಟಿದ ಮಾತುಗಳು ಇಂಥವು: “ಮೋಟಾರು ಹಾಕಿದೆಯಾ?” “ಹಾಕಿದೆ.” “ಟ್ಯಾಂಕಿನ ಮುಚ್ಚಳ ಹಾಕು, ಕಸ ಬೀಳುತ್ತೆ.” “ನನಗೆ ಗೊತ್ತಿಲ್ವಾ.” ಹೊಲಿಗೆ ಯಂತ್ರದ ಸುದ್ದಿ ಮತ್ತೆ ಬರಲಿಲ್ಲ. ಶುಕ್ರವಾರ ಹೊರಡುವಾಗ ಮಾತ್ರ ಚಿಕ್ಕವಳು “ಅಕ್ಕ, ಆ ಬಕೆಟ್ಟು ನಮ್ಮದು” ಅಂದದ್ದು ಕೇಳಿಸಿತು. ದೊಡ್ಡವಳು ಬಕೆಟ್ಟು ಕೊಟ್ಟಳು. ಅಕ್ಕ ಅನ್ನುವ ಪದ ನಾಲ್ಕು ವರ್ಷ ಎಲ್ಲಿತ್ತೋ, ತುಕ್ಕು ಹಿಡಿದಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮಾವ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಜಗುಲಿ ಇಳಿದರು. ಒಂದು ಕಡೆ ಕನ್ನಡಕದವರು ತೋಳು ಹಿಡಿದಿದ್ದರು. ದಂಡೆಯ ಕಲ್ಲಿನ ಮೇಲೆ ಕೂತು ನಿಧಾನವಾಗಿ ಬಗ್ಗಿದರು. ದೊಡ್ಡ ಸೊಸೆ ಪಂಪಿನ ಹತ್ತಿರ, ಚಿಕ್ಕ ಸೊಸೆ ನೈದಿಲೆಯ ಹತ್ತಿರ, ನಾನು ಬಲೆ ಹಿಡಿದುಕೊಂಡು ಸುಮ್ಮನೆ. ಯಜಮಾನ ಎಲೆಗಳ ನೆರಳಿನಿಂದ ಅರ್ಧ ಈಚೆ ಬಂದು ನಿಂತಿದ್ದ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಇವನಲ್ಲ.”

ಚಿಕ್ಕವಳು ನೈದಿಲೆಯ ಎಲೆಯೊಂದನ್ನು ಪಕ್ಕಕ್ಕೆ ಸರಿಸಿದಳು.

“ನನ್ನ ಯಜಮಾನನ ಮೈ ಹಳದಿ ಕಲೆಸಿದ ಕಿತ್ತಳೆ. ಹೊಟ್ಟೆ ಬೆಣ್ಣೆ ಬಣ್ಣ. ಇವನು ಕೆಂಪು, ಹೊಟ್ಟೆ ಸುಣ್ಣ ಬಳಿದ ಹಾಗಿದೆ.” ದನಿ ಶಾಂತವಾಗಿಯೇ ಇತ್ತು. “ಬಕೆಟ್ಟಿಗೆ ಬಟ್ಟೆ ಮುಚ್ಚಿದ್ದನ್ನ ನಾನು ನೋಡಿದೆ. ಸತ್ತುಹೋದ ಅಂತ ಹೇಳಿ, ತಡ್ಕೋತೀನಿ. ಹೊಸದೊಂದು ತಂದು ಬಿಟ್ಟು ನನ್ನನ್ನ ಮಗು ಮಾಡಬೇಡಿ.”

“ಅಯ್ಯೋ ಮಾವ, ಇವನೇ” ಎಂದರು ಇಬ್ಬರೂ ಒಟ್ಟಿಗೆ, ಒಂದೇ ಉಸಿರಿಗೆ.

“ನೀವಿಬ್ಬರೂ ಒಂದೇ ಮಾತು ಹೇಳ್ತ ಇದ್ದೀರಿ ಅಂದ್ರೆ ನನಗೆ ಇನ್ನೂ ಅನುಮಾನ” ಎಂದರು ಮಾವ.

ಕನ್ನಡಕದವರಿಗೆ ತಕ್ಷಣ ಅರ್ಥವಾಯಿತು. “ಅಪ್ಪಾ, ಪೊರೆ ಇದ್ದಾಗ ಎಲ್ಲ ಹಳದಿ ಕಾಣುತ್ತೆ. ಅದು ಗೊತ್ತಾಗದ ಹಾಗೆ ನಿಧಾನಕ್ಕೆ ಬೆಳೆಯುತ್ತೆ, ಎಷ್ಟೋ ವರ್ಷದಿಂದ ನೀವು ಹಳದಿ ಗಾಜಿನಿಂದ ನೋಡಿದ ಹಾಗೆ. ಮೀನು ಹಳೇದೇ, ಕಣ್ಣು ಹೊಸದು.” ಮಾವ ನಂಬಿದವರ ಹಾಗೆ ಕಾಣಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಏನು ಹೇಳಿದರೂ ಆ ಹೊತ್ತಿಗೆ ಅದು ಬರೀ ಮಾತು. “ಬೆರಳಿಟ್ಟು ನೋಡಿ” ಎಂದೆ. ವಾರದಿಂದ ಅನ್ನನೀರು ಬಿಟ್ಟು ಸಾವಿನ ಅಂಚಿಗೆ ಹೋಗಿ ಬಂದ ಮೀನು. ಬಾರದಿದ್ದರೆ?

ಮಾವ ತೋರುಬೆರಳನ್ನು ನೀರಿಗಿಟ್ಟರು. ಬೆರಳ ಸುತ್ತ ನೀರಿನಲ್ಲಿ ಸಣ್ಣ ಬಳೆಗಳೆದ್ದವು. ಯಜಮಾನ ಕದಲಲಿಲ್ಲ. ಕಿವಿರು ತೆರೆದು ಮುಚ್ಚಿತು, ಮತ್ತೆ ತೆರೆದು ಮುಚ್ಚಿತು. ಒಂದು ಗುಬ್ಬಿ ಆಚೆ ಕಲ್ಲಿನ ಮೇಲೆ ಬಂದು ಕೂತು ನಮ್ಮನ್ನೆಲ್ಲ ಒಮ್ಮೆ ನೋಡಿತು. ಆಮೇಲೆ ಯಜಮಾನ ಬಾಲವನ್ನು ಒಂದೇ ಒಂದು ಸಲ ಆಡಿಸಿದ. ಮೂಗು ಬೆರಳಿನವರೆಗೆ ತೇಲಿ ಬಂತು. ಒಂದು ಸಲ ಹೀರಿದ. ಎರಡು ಸಲ. ಸ್ವಲ್ಪ ತಡೆದು, ಮರೆತದ್ದು ನೆನಪಾದವನ ಹಾಗೆ, ತಲೆಯಿಂದ ಬೆರಳನ್ನು ತಳ್ಳಿದ.

ಮಾವ ಬೆರಳು ತೆಗೆಯಲಿಲ್ಲ. “ಎಷ್ಟು ಕೆಂಪಗಿದ್ದೀಯಲ್ಲೋ” ಎಂದರು ಅವನಿಗೆ. “ನಾನು ನಿನ್ನನ್ನ ಇಷ್ಟು ವರ್ಷ ತಪ್ಪು ಬಣ್ಣದಲ್ಲಿ ಪ್ರೀತಿ ಮಾಡಿದೆ.”

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು, ಡಾಕ್ಟರು ಕೊಟ್ಟ ಹನಿ ಎಂದರು. “ಹಸಿದಿದ್ದಾನೆ ಇವನು. ಯಾರಾದರೂ ಏನಾದರೂ ಹಾಕಿ.”

ಇಬ್ಬರೂ ಸೊಸೆಯರು ನನ್ನ ಕಡೆ ನೋಡಿದರು. ಹೊತ್ತು ಹತ್ತೂವರೆ, ಬೆಳಗ್ಗೆಯೂ ಅಲ್ಲ, ಸಂಜೆಯೂ ಅಲ್ಲ. ನನ್ನ ವೇಳಾಪಟ್ಟಿಯಲ್ಲಿ ಅದು ಯಾರ ಪಾಲಿಗೂ ಬಂದಿರಲಿಲ್ಲ.

“ನನ್ನನ್ನ ನೋಡಬೇಡಿ” ಎಂದು ನಾನು ಪೈಪು ಸುತ್ತತೊಡಗಿದೆ.

ದೊಡ್ಡವಳು ಕೈಯಲ್ಲಿದ್ದ ಮೀನಿನ ತಿಂಡಿಯ ಡಬ್ಬಿಯನ್ನು ಗೋಡೆಯ ಮೇಲಿಟ್ಟು ಆಚೆಗೆ ಸರಿಸಿದಳು. “ನೀನೇ ಹಾಕು. ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟಕ್ಕ?”

“ಒಂದು ಚಿಟಿಕೆ. ನಿನ್ನ ಚಿಟಿಕೆ ಅಲ್ಲ, ನನ್ನದು.”

“ಹಾಗಾದ್ರೆ ನೀವೇ ಹಾಕಿ” ಎಂದು ಚಿಕ್ಕವಳು ಡಬ್ಬಿಯನ್ನು ವಾಪಸು ಸರಿಸಿದಳು.

ನಾನು ಪೈಪು ಸುತ್ತಿ ಸ್ಕೂಟರಿಗೆ ಕಟ್ಟಿ, ಕಾಲು ತೊಳೆದುಕೊಂಡು, ಗೇಟು ದಾಟುವಾಗಲೂ ಡಬ್ಬಿ ಗೋಡೆಯ ಮೇಲೆ ಆಚೆ ಈಚೆ ಹೋಗುತ್ತಲೇ ಇತ್ತು. ಮಾವ ಅವರಿಬ್ಬರನ್ನೂ ಬಿಟ್ಟು ನೀರನ್ನೇ ನೋಡುತ್ತಿದ್ದರು.